ಬಿಸಿಲ ಹಾದಿಗೆ ಎಂತಹ ಮೊಬೈಲು?



ಫಾಲ್ಗುಣ ಮಾಸವು ಕಾಲಿಟ್ಟಿತೆಂದರೆ ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು ಸೀಮೆಯ ಊರೂರುಗಳಲ್ಲಿ ಶ್ರೀಶೈಲದ ಹಾದಿಯ ಮಾತು ಆರಂಭವಾಗುತ್ತದೆ. ಮಲ್ಲಯ್ಯನ ಕಂಬಿಗೆ ಪೂಜೆ ಸಲ್ಲುತ್ತದೆ. ಮನೆಯ ಹೆಣ್ಣುಮಕ್ಕಳು ಕಟಕ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಬುತ್ತಿಯ ಗಂಟು ಕಟ್ಟುತ್ತಾರೆ. ಯುಗಾದಿಯ ಹೊತ್ತಿಗೆ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸೇರಬೇಕೆಂದು ಹೊರಟ ಭಕ್ತಸಮೂಹವು ಉರಿಬಿಸಿಲಿನಲ್ಲಿ ದಿನಗಟ್ಟಲೆ ನಡೆಯುತ್ತದೆ. ಹಿರಿಯರ ಕಾಲದಿಂದ ಬಂದ ಈ ಪದ್ಧತಿಯಲ್ಲಿ ಹೆಚ್ಚಿನದೇನೂ ಬದಲಾಗಿಲ್ಲ; ಆದರೆ ಬುತ್ತಿಯ ಗಂಟಿನ ಪಕ್ಕದಲ್ಲಿ ಈಗ ಒಂದು ಹೊಸ ವಸ್ತು ಸೇರಿಕೊಂಡಿದೆ. ಅದೇ ಮೊಬೈಲು.

ಈಚೆಗೆ ಒಬ್ಬ ಗೃಹಸ್ಥರು ನಮ್ಮಲ್ಲಿಗೆ ಬಂದು ಕೇಳಿದರು: "ಅಜ್ಜಾರ, ನಮ್ಮವ್ವ ಈ ವರ್ಷ ಕಂಬಿ ಸಂಗಾಟ ನಡಕೋತ ಹೊಂಟಾಳ್ರಿ. ಬ್ಯಾಡಂದ್ರ ಕೇಳವಲ್ಲಳು. ಬಿಸಿಲಾಗ ತಾಳೂವಂಥಾದ್ದೊಂದು ಫೋನ್ ಕೊಡಸಬೇಕಂತೀನಿ. ಯಾವುದು ತಗೊಳ್ಳಲಿ?"

ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದವನಿಗೆ ಮೊಬೈಲಿನ ಪ್ರಶ್ನೆಯೇ ಎಂದು ಮೊದಲು ನಗು ಬಂತು. ಮರುಗಳಿಗೆಯಲ್ಲಿ ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಗಿ ಆ ನಗು ನಿಂತುಹೋಯಿತು.

ಅಂದು ನಮ್ಮ ತಂಡವು ಕರ್ನೂಲನ್ನು ದಾಟಿ ಆತ್ಮಕೂರಿನ ಕಡೆಗೆ ನಡೆಯುತ್ತಿತ್ತು. ಬೆಳಗಿನ ತಂಪಿನಲ್ಲಿಯೇ ಮುಗಿಯಬೇಕಾದ ನಡಿಗೆ ನಮ್ಮ ಆಲಸ್ಯದಿಂದಾಗಿ ನಡುಹಗಲಿಗೆ ಬಂದಿತ್ತು. ನೆರಳಿರುವ ಒಂದೆಡೆ ನಿಂತು ಎಣಿಸಿದಾಗ ಒಬ್ಬ ವೃದ್ಧೆ ಇರಲಿಲ್ಲ. ತಂಡದ ಸಂಪರ್ಕವೆಲ್ಲ ಒಬ್ಬ ತರುಣನ ಫೋನಿನಲ್ಲಿತ್ತು. ಆತನು ಅದನ್ನು ಅಂಗಿಯ ಜೇಬಿನಲ್ಲಿಟ್ಟು, ಪವರ್ ಬ್ಯಾಂಕಿನ ತಂತಿ ಸಿಕ್ಕಿಸಿ, ದಾರಿಯುದ್ದಕ್ಕೂ ವಿಡಿಯೋ ತೆಗೆಯುತ್ತ ಬಂದಿದ್ದನು. ತೆಗೆದು ನೋಡಿದರೆ ಕೈಗೆ ಸುಡುವಂತಿದೆ. ಪರದೆಯ ಮೇಲೆ ತಾಪದ ಎಚ್ಚರಿಕೆ ಬಂದು, ಮರುಕ್ಷಣದಲ್ಲಿ ಆರಿಹೋಯಿತು. ಆ ತಾಯಿಯ ಬಳಿಯಿದ್ದ ಹಳೆಯ ಸ್ಮಾರ್ಟ್‌ಫೋನು ಹಿಂದಿನ ರಾತ್ರಿ ಚಾರ್ಜು ಕಾಣದೆ ಬೆಳಿಗ್ಗೆಯೇ ಸತ್ತಿತ್ತು. ಎರಡು ತಾಸು ಹುಡುಕಿದೆವು. ಹಿಂದಿನಿಂದ ಬರುತ್ತಿದ್ದ ಬೇರೊಂದು ಊರಿನ ತಂಡದವರು ಆಕೆಯನ್ನು ಬೇವಿನ ಮರದ ಕೆಳಗೆ ಮಲಗಿಸಿ, ತಲೆಗೆ ಒದ್ದೆ ಬಟ್ಟೆ ಕಟ್ಟಿ, ನೀರು ಕುಡಿಸಿ ಕಾಪಾಡಿದ್ದರು.

ಆ ತರುಣನ ಫೋನು ಅಗ್ಗದ್ದಾಗಿರಲಿಲ್ಲ. ಡಬ್ಬಿಯ ಮೇಲೆ ನೀರಿಗೂ ಧೂಳಿಗೂ ಜಗ್ಗದೆಂಬ ಅಂಕಿಯೂ ಇತ್ತು. ಹಾಗಾದರೆ ತಪ್ಪಿದ್ದೆಲ್ಲಿ? ಶಬ್ದದ ಅರ್ಥವನ್ನು ತಿಳಿಯದೆ ಮುಂದಿನ ಸಾಲಿಗೆ ಹೋಗಬೇಡವೆಂದು ನಮ್ಮ ಗುರುಗಳು ಪಾಠದ ವೇಳೆ ಹೇಳುತ್ತಿದ್ದರು. ಮೊಬೈಲಿನ ಡಬ್ಬಿಯ ಮೇಲಿನ ಅಕ್ಷರಗಳನ್ನೂ ಅಂಕಿಗಳನ್ನೂ ಅದೇ ರೀತಿ ಒಂದೊಂದಾಗಿ ಬಿಡಿಸಿ ನೋಡಿದಾಗ ನಮಗೆ ತಿಳಿದುಬಂದ ಸಂಗತಿ ಇಷ್ಟು: ನೀರಿಗೆ, ಧೂಳಿಗೆ ಅಂಕಿ ಉಂಟು, ಬೀಳುವುದಕ್ಕೂ ಒಂದು ಬಗೆಯ ಪರೀಕ್ಷೆ ಉಂಟು, ಆದರೆ ನಮ್ಮ ಬಿಸಿಲನ್ನು ತಾಳುತ್ತದೆಂದು ಹೇಳುವ ಅಂಥದೊಂದು ಸರಳ ಅಂಕಿ ಡಬ್ಬಿಯ ಮೇಲೆ ಇರುವುದಿಲ್ಲ. ಬೇಸಿಗೆಯ ಹಾದಿಯಲ್ಲಿ ಮೊದಲ ಶತ್ರುವಾದರೋ ಬಿಸಿಲೇ. ಆದುದರಿಂದ ಕೊಳ್ಳುವವನು ಅರ್ಧವನ್ನು ಅಂಗಡಿಯಲ್ಲಿ ನೋಡಿ ಆರಿಸಬೇಕು. ಉಳಿದರ್ಧವನ್ನು ತನ್ನ ಬಳಕೆಯಿಂದ ಕಾಯ್ದುಕೊಳ್ಳಬೇಕು.

ಬಿಸಿಲಿನ ವಿಚಾರವನ್ನು ಮೊದಲು ನೋಡೋಣ.

ಇಂದಿನ ಫೋನುಗಳಲ್ಲಿರುವುದು ಲಿಥಿಯಂ ಅಯಾನ್ ಜಾತಿಯ ಬ್ಯಾಟರಿ. ಅದರೊಳಗಿನ ರಾಸಾಯನಿಕ ಕ್ರಿಯೆಯು ತಾಪ ಹೆಚ್ಚಿದಷ್ಟೂ ಚುರುಕಾಗುತ್ತದೆ. ನಮಗೆ ಬೇಕಾದ ಕ್ರಿಯೆಯ ಜೊತೆಗೆ ಬ್ಯಾಟರಿಯನ್ನು ಒಳಗಿಂದೊಳಗೆ ಸವೆಸುವ ಕ್ರಿಯೆಯೂ ಚುರುಕಾಗುತ್ತದೆ. ಹೀಗೆ ಒಂದು ಬೇಸಿಗೆಯಲ್ಲಿ ಕಳೆದುಕೊಂಡ ಶಕ್ತಿಯು ಮಳೆಗಾಲದಲ್ಲಿ ಮರಳಿ ಬರುವುದಿಲ್ಲ. ಆಪಲ್ ಮತ್ತು ಸ್ಯಾಮ್‌ಸಂಗ್ ಎರಡೂ ಕಂಪನಿಗಳು ತಮ್ಮ ಫೋನುಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಬಳಸಬೇಕೆಂದು ಹೇಳಿವೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ನೆರಳಿನ ತಾಪವೇ 40 ಡಿಗ್ರಿಯನ್ನು ದಾಟುವುದುಂಟು. ಎಂದಮೇಲೆ ಸಾವಿರಾರು ರೂಪಾಯಿ ತೆತ್ತು ತಂದ ಫೋನು ನಮ್ಮ ಮಧ್ಯಾಹ್ನದ ಹಾದಿಗೆ ಇಳಿದ ಕೂಡಲೇ ತನ್ನ ಮೇರೆಯನ್ನು ಮೀರಿತೆಂದೇ ತಿಳಿಯಬೇಕು.

ಮೇರೆ ಮೀರಿದಾಗ ಫೋನು ತನ್ನನ್ನು ತಾನೇ ಕಾಪಾಡಿಕೊಳ್ಳಲು ಯತ್ನಿಸುತ್ತದೆ. ಪರದೆಯ ಬೆಳಕನ್ನು ಇಳಿಸುತ್ತದೆ, ಕೆಲಸವನ್ನು ನಿಧಾನ ಮಾಡುತ್ತದೆ, ಚಾರ್ಜು ಹತ್ತುವುದನ್ನು ನಿಲ್ಲಿಸುತ್ತದೆ, ಕೊನೆಗೆ ಆರಿಹೋಗುತ್ತದೆ. ನೆರಳಿಗೆ ತಂದು ತಣಿಸಿದರೆ ಅದು ಮತ್ತೆ ಎಚ್ಚರಗೊಳ್ಳುವುದು ಸಾಮಾನ್ಯ. ಆದರೆ ತಣಿಸುವ ರೀತಿಯಲ್ಲಿ ಅವಸರ ಸಲ್ಲದು. ಸುಡುವ ಫೋನನ್ನು ಫ್ರಿಜ್ಜಿನಲ್ಲಿಡುವುದು, ಐಸ್ ನೀರಿನ ಬಾಟಲಿಗೆ ಒತ್ತಿಡುವುದು ಅಪಾಯಕರ; ಒಳಗಿನ ಗಾಳಿಯ ತೇವವು ಹನಿಗಟ್ಟಿ ಸೂಕ್ಷ್ಮ ಭಾಗಗಳ ಮೇಲೆ ಕೂಡಬಹುದು. ಕವರು ತೆಗೆದು, ಆರಿಸಿ, ಗಾಳಿಯಾಡುವ ನೆರಳಿನಲ್ಲಿ ಇಟ್ಟರೆ ಸಾಕು.

ಬಿಸಿಲಿಗಾಗಿ ಆರಿಸುವಾಗ ನೋಡಬೇಕಾದ ಮೊದಲ ಗುಣ ಬ್ಯಾಟರಿಯ ಅಳತೆ. 5,000 ಮಿಲಿ ಆಂಪಿಯರ್ ಅವರ್‌ಗೆ ಕಡಿಮೆಯಿಲ್ಲದ ಬ್ಯಾಟರಿಯಿದ್ದರೆ, ಹಗಲಿನಲ್ಲಿ ಚಾರ್ಜು ಹಾಕುವ ಅಗತ್ಯ ಬಾರದಂತೆ ನಡೆಸಬಹುದು. ಬಿಸಿಲು, ಚಾರ್ಜು, ವಿಡಿಯೋ ಈ ಮೂರೂ ಒಟ್ಟಿಗೆ ಕೂಡಿದ್ದೇ ಆ ತರುಣನ ಫೋನು ಆರಲು ಕಾರಣವಾಗಿತ್ತು. ಎರಡನೆಯದು, ಆಟಗಳಿಗೆಂದು ಮಾಡಿದ ಅತಿವೇಗದ ಫೋನಿನ ಮೋಹವನ್ನು ಬಿಡಬೇಕು. ಹಾದಿಯಲ್ಲಿ ಬೇಕಾಗಿರುವುದು ಮಾತು, ಸಂದೇಶ, ನಕ್ಷೆ, ಕತ್ತಲಲ್ಲಿ ಬ್ಯಾಟರಿ ದೀಪ. ಇವುಗಳಿಗೆ ಮಧ್ಯಮ ವೇಗದ ಫೋನು ಸಾಲುತ್ತದೆ. ಅದು ಹೆಚ್ಚು ಕಾಯುವುದೂ ಇಲ್ಲ. ಮೂರನೆಯದು, ಕಪ್ಪು ಬಣ್ಣದ ದಪ್ಪ ಕವರಿಗಿಂತ ತಿಳಿ ಬಣ್ಣದ್ದು ಮೇಲು. ಬಿಳಿಯ ಪಂಚೆ ಬಿಸಿಲಿಗೆ ಹಿತವೆಂಬುದನ್ನು ತಿಳಿದ ನಮ್ಮ ಒಕ್ಕಲಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಪರದೆಯ ಮಾತು. ಅಂಗಡಿಯ ಒಳಗೆ ಎಲ್ಲ ಫೋನುಗಳೂ ಝಗಝಗಿಸುತ್ತವೆ. ನಡುಹಗಲಿನಲ್ಲಿ ಮಗನ ಹೆಸರನ್ನು ಹುಡುಕಲು ಹೋದರೆ ಕನ್ನಡಿಯಂತೆ ನಮ್ಮ ಮುಖವೇ ಕಾಣುತ್ತದೆ. ಪರದೆಯ ಪ್ರಕಾಶವನ್ನು ಅಳೆಯುವ ಮಾನಕ್ಕೆ ನಿಟ್ ಎಂದು ಹೆಸರು. ಜಾಹೀರಾತಿನಲ್ಲಿ ಕಾಣುವ ದೊಡ್ಡ ಸಂಖ್ಯೆಯು ಹಲವೊಮ್ಮೆ ಪರದೆಯ ಒಂದು ಚಿಕ್ಕ ಭಾಗವು ಕ್ಷಣಕಾಲ ತೋರುವ ಗರಿಷ್ಠ ಪ್ರಕಾಶವಾಗಿರುತ್ತದೆ. ಇಡೀ ಪರದೆಯು ಹೊರಗಿನ ಬೆಳಕಿನಲ್ಲಿ ತೋರುವ ಪ್ರಕಾಶವೆಷ್ಟೆಂದು ಕೇಳಬೇಕು. ಅದು 1,000 ನಿಟ್‌ನ ಆಸುಪಾಸಿನಲ್ಲಿದ್ದರೆ ಬಿಸಿಲಿಗೆ ಒಳ್ಳೆಯದು. ಇದಕ್ಕಿಂತ ಸುಲಭವಾದ ಪರೀಕ್ಷೆಯೊಂದಿದೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿಗೆ ಹೋಗಿ, ತೋರಿಸಲು ಇಟ್ಟ ಫೋನನ್ನು ಕೈಯಲ್ಲಿ ಹಿಡಿದು ಬಾಗಿಲಿನ ಹೊರಗೆ ನಿಂತು ಒಂದು ಸಾಲು ಓದಿ ನೋಡುವುದು. ಉಪಯೋಗಿಸುವ ಹಿರಿಯರನ್ನೇ ಕರೆದೊಯ್ದು ಓದಿಸಿದರೆ ಇನ್ನೂ ಉತ್ತಮ. ನಮ್ಮ ಕಣ್ಣು ಬೇರೆ, ಅವರ ಕಣ್ಣು ಬೇರೆ.

ಧೂಳು ಮತ್ತು ನೀರಿನ ವಿಷಯಕ್ಕೆ ಬರೋಣ. ಡಬ್ಬಿಯ ಮೇಲೆ ಐಪಿ 54, ಐಪಿ 67, ಐಪಿ 68 ಎಂಬ ಬರಹಗಳಿರುತ್ತವೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60529ನೆಯ ಮಾನಕದಂತೆ ಈ ಅಂಕಿಗಳನ್ನು ಕೊಡಲಾಗುತ್ತದೆ. ಇದನ್ನು ಅರವತ್ತೇಳು, ಅರವತ್ತೆಂಟು ಎಂದು ಕೂಡಿಸಿ ಓದಬಾರದು, ಬಿಡಿಸಿ ಓದಬೇಕು. ಮೊದಲ ಅಂಕಿಯು ಧೂಳಿನದು, ಎರಡನೆಯದು ನೀರಿನದು. ಮೊದಲನೆಯ ಸ್ಥಾನದಲ್ಲಿ 5 ಇದ್ದರೆ ಹಾನಿ ಮಾಡುವಷ್ಟು ಧೂಳು ಒಳಗೆ ಹೋಗದು. 6 ಇದ್ದರೆ ಧೂಳು ಒಳಗೆ ಹೋಗುವುದೇ ಇಲ್ಲ. ಎರಡನೆಯ ಸ್ಥಾನದಲ್ಲಿ 4 ಇದ್ದರೆ ಚಿಮ್ಮುವ ನೀರನ್ನು ತಡೆಯುತ್ತದೆ. 7 ಇದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ತಾಸು ತಾಳುತ್ತದೆ. 8 ಇದ್ದರೆ ಅದಕ್ಕಿಂತ ಕಠಿಣವಾದ, ತಯಾರಕರೇ ಸೂಚಿಸಿದ ಆಳ ಮತ್ತು ಕಾಲದ ಪರೀಕ್ಷೆಯಲ್ಲಿ ಗೆದ್ದಿರುತ್ತದೆ. 9 ಎಂಬುದು ರಭಸದಿಂದ ಎರಚುವ ಬಿಸಿನೀರಿನ ಪರೀಕ್ಷೆ. ಹಿಂದೆ ದುಬಾರಿ ಫೋನುಗಳಲ್ಲಿ ಮಾತ್ರ ಕಾಣುತ್ತಿದ್ದ 68, 69ರ ಅಂಕಿಗಳು ಈಚೆಗೆ ಮಧ್ಯಮ ಬೆಲೆಯವುಗಳಲ್ಲಿಯೂ ದೊರೆಯುತ್ತಿವೆ.

ಆದರೆ ಈ ಪರೀಕ್ಷೆಗಳೆಲ್ಲ ಹೊಸ ಫೋನಿನ ಮೇಲೆ ಶುದ್ಧ ಸಿಹಿನೀರಿನಲ್ಲಿ ನಡೆದವು. ಬೆವರಿನ ಉಪ್ಪು, ಸಾಬೂನಿನ ನೊರೆ, ಕಾಲುವೆಯ ಕೆಸರು ಇವುಗಳ ಮಾತು ಬೇರೆ. ಒಳಗಿನ ಅಂಟು ಮತ್ತು ರಬ್ಬರಿನ ಬಂಧವು ದಿನಗಳೆದಂತೆ, ಅದರಲ್ಲಿಯೂ ಕಾವಿನಲ್ಲಿ, ಸಡಿಲಗೊಳ್ಳುತ್ತದೆ. ಒಮ್ಮೆ ಬಿಚ್ಚಿ ದುರಸ್ತಿ ಮಾಡಿಸಿದ ಫೋನಿಗೆ ಹಳೆಯ ಅಂಕಿಯನ್ನು ನಂಬಬಾರದು. ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಲ್ಲದು. ಅಂಕಿಯಿದೆಯೆಂದು ಪಾತಾಳಗಂಗೆಯಲ್ಲಿ ಫೋನಿನೊಡನೆ ಮುಳುಗು ಹಾಕುವುದು ವಿವೇಕವಲ್ಲ. ಅಕಸ್ಮಾತ್ತಾಗಿ ಒದ್ದೆಯಾದರೆ, ಪೂರ್ತಿ ಒಣಗುವವರೆಗೆ ಚಾರ್ಜಿನ ತಂತಿಯನ್ನು ಸಿಕ್ಕಿಸಬಾರದು.

ಧೂಳಿನಿಂದ ಇನ್ನೊಂದು ಕೇಡು ಉಂಟು. ನಮ್ಮ ಹಾದಿಯ ಮರಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಕಾಠಿಣ್ಯವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನ ಸ್ಥಾನ 7. ಫೋನಿನ ಗಾಜಿನದು ಸುಮಾರು 6. ಗಟ್ಟಿಯಾದುದು ಮೆದುವಾದುದನ್ನು ಗೀರುತ್ತದೆ. ಕೀಲಿಕೈಯ ಕಬ್ಬಿಣಕ್ಕೆ ಜಗ್ಗದ ಗಾಜು ಜೇಬಿನ ತಳದ ಹಿಡಿ ಮರಳಿಗೆ ಸೋಲುವುದು ಇದರಿಂದಲೇ. ಎಂಥ ಹೆಸರಾಂತ ಗಾಜಾದರೂ ಮೇಲೊಂದು ಟೆಂಪರ್ಡ್ ಗ್ಲಾಸ್ ಅಂಟಿಸುವುದು ಒಳಿತು; ಗೀರು ಬಿದ್ದರೆ ಅದನ್ನಷ್ಟೇ ಕಿತ್ತು ಬದಲಿಸಬಹುದು. ಧೂಳು ಕೂತ ಪರದೆಯನ್ನು ಸೆರಗಿನಿಂದ ಒತ್ತಿ ಒರೆಸಬಾರದು. ಮೊದಲು ಊದಿ, ಆಮೇಲೆ ಒರೆಸಬೇಕು.

ಬೀಳುವ ವಿಚಾರದಲ್ಲಿ ಜಾಹೀರಾತಿನ ಮಾತು ಎಲ್ಲಕ್ಕಿಂತ ದೊಡ್ಡದು. ಸೈನಿಕ ದರ್ಜೆಯ ಫೋನು ಎಂದು ಬರೆದಿರುತ್ತಾರೆ. ಕೆಳಗೆ ಮಿಲ್ ಎಸ್‌ಟಿಡಿ 810ಎಚ್ ಎಂದು ಇರುತ್ತದೆ. ಇದು ಅಮೆರಿಕದ ರಕ್ಷಣಾ ಇಲಾಖೆಯು ಉಪಕರಣಗಳನ್ನು ಪರೀಕ್ಷಿಸಲು ರೂಪಿಸಿದ ವಿಧಾನಗಳ ಸಂಪುಟ. ಎಚ್ ಎಂಬುದು 2019ರಲ್ಲಿ ಬಂದ ಪರಿಷ್ಕರಣೆ. ಅದರಲ್ಲಿ ಬೀಳಿಸುವ ಪರೀಕ್ಷೆಯುಂಟು, ಅಲುಗಾಟದ್ದುಂಟು, ಅಧಿಕ ತಾಪದ್ದುಂಟು, ಸೂರ್ಯನ ಕಿರಣದ್ದೂ ಉಂಟು. ಬೀಳಿಸುವ ಪರೀಕ್ಷೆಯೆಂದರೆ ಸಾಮಾನ್ಯವಾಗಿ 1.22 ಮೀಟರ್ ಎತ್ತರದಿಂದ, ಬೇರೆಬೇರೆ ಮುಖ, ಅಂಚು, ಮೂಲೆಗಳ ಮೇಲೆ 26 ಸಲ ಬೀಳಿಸುವುದು. ಆದರೆ ಯಾವ ಫೋನಿಗೂ ಆ ಇಲಾಖೆಯು ಪ್ರಮಾಣಪತ್ರ ಕೊಡುವುದಿಲ್ಲ. ಎಷ್ಟು ಪರೀಕ್ಷೆ, ಯಾವ ಪರೀಕ್ಷೆ ಎಂಬುದನ್ನು ಕಂಪನಿಯೇ ಆರಿಸಿಕೊಳ್ಳುತ್ತದೆ. ಆದುದರಿಂದ ಆ ಮುದ್ರೆಯನ್ನು ಕಂಡಾಗ, ಯಾವ ಯಾವ ಪರೀಕ್ಷೆಗಳನ್ನು ನಡೆಸಿದ್ದೀರಿ, ಅಧಿಕ ತಾಪದ್ದು ಅದರಲ್ಲಿದೆಯೆ ಎಂದು ಕೇಳಬೇಕು. ಕಂಪನಿಯ ವಿವರಪಟ್ಟಿಯಲ್ಲಿ ಪರೀಕ್ಷೆಗಳ ಹೆಸರು ಬಿಡಿಬಿಡಿಯಾಗಿ ಕಂಡರೆ ನಂಬಿಕೆಗೆ ಸ್ವಲ್ಪ ಆಧಾರ ದೊರೆಯಿತು. ಬರಿಯ ಮುದ್ರೆಯಿದ್ದರೆ ಅದನ್ನು ವಿಶೇಷಣವೆಂದು ತಿಳಿದು ಮುಂದೆ ಹೋಗಬೇಕು.

ಪೂರ್ತಿ ರಬ್ಬರಿನ ಕವಚ ತೊಟ್ಟ ಗಟ್ಟಿಮುಟ್ಟಾದ ಫೋನುಗಳೇ ಬೇರೆ ಇವೆ. ಅವುಗಳಲ್ಲಿ ಕೆಲವಕ್ಕೆ, ಉದಾಹರಣೆಗೆ ಸ್ಯಾಮ್‌ಸಂಗಿನ ಎಕ್ಸ್‌ಕವರ್ ಸಾಲಿನವುಗಳಿಗೆ, ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಬದಲಿಸುವ ಅನುಕೂಲವುಂಟು. ಹೊಲ, ಕಾಡು, ಕಟ್ಟಡದ ಕೆಲಸಗಳಲ್ಲಿ ವರ್ಷವಿಡೀ ಇರುವವರಿಗೆ ಇವು ತಕ್ಕವು. ಇಂತಹವುಗಳಲ್ಲಿ ಕೆಲವು ತೂಕದಲ್ಲಿ ಬಹು ಹೆಚ್ಚು. ದಿನವಿಡೀ ನಡೆಯುವವರಿಗೆ ಆ ಭಾರವೂ ಒಂದು ಲೆಕ್ಕವೇ. ವರ್ಷಕ್ಕೆ ಒಂದೆರಡು ಸಲ ಹಾದಿ ಹಿಡಿಯುವ ಗೃಹಸ್ಥರಿಗೆ, ಧೂಳು ನೀರುಗಳ ಒಳ್ಳೆಯ ಅಂಕಿಯುಳ್ಳ ಸಾಮಾನ್ಯ ಫೋನಿಗೆ ಮೂಲೆಗಳು ಉಬ್ಬಿರುವ ಒಂದು ಕವರು ಹಾಕಿದರೆ ಸಾಕೆಂಬುದು ನಮ್ಮ ಅಭಿಪ್ರಾಯ. ಕುತ್ತಿಗೆಗೆ ಹಾಕುವ ದಾರವಿದ್ದರೆ ಬೀಳುವ ಪ್ರಸಂಗವೇ ಕಡಿಮೆ.

ಮಕ್ಕಳು ಯುರೋಪಿನಲ್ಲಿರುವ ಕುಟುಂಬಗಳು ನಮ್ಮ ಓದುಗರಲ್ಲಿವೆ. ಅವರಿಗೊಂದು ಉಪಯುಕ್ತ ಸಂಗತಿ: 2025ರ ಜೂನ್ 20ರಿಂದ ಐರೋಪ್ಯ ಒಕ್ಕೂಟದ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳಿಗೆ ಒಂದು ವಿವರಚೀಟಿ ಕಡ್ಡಾಯವಾಗಿದೆ. ಒಮ್ಮೆ ಚಾರ್ಜು ಮಾಡಿದರೆ ಎಷ್ಟು ತಾಸು ಬರುತ್ತದೆ, ಮೇಲಿಂದ ಮೇಲೆ ಬಿದ್ದರೆ ತಾಳುವ ದರ್ಜೆ ಯಾವುದು, ದುರಸ್ತಿ ಎಷ್ಟು ಸುಲಭ, ಬ್ಯಾಟರಿಯು ಎಷ್ಟು ಬಾರಿಯ ಚಾರ್ಜಿಗೆ ಬಾಳುತ್ತದೆ ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಇಲ್ಲಿ ನೀವು ಕೊಳ್ಳಬೇಕೆಂದಿರುವ ಮಾದರಿಯೇ ಅಲ್ಲಿಯೂ ಮಾರಾಟದಲ್ಲಿದ್ದರೆ, ಮಗನಿಗೋ ಮಗಳಿಗೋ ಹೇಳಿ ಆ ಚೀಟಿಯನ್ನು ನೋಡಿಸಬಹುದು. ಹೆಸರು ಒಂದೇ ಇದ್ದರೂ ಮಾದರಿಯ ಸಂಖ್ಯೆ ಒಂದೇ ಇದೆಯೆ ಎಂಬುದನ್ನು ಹೋಲಿಸಿಕೊಳ್ಳಬೇಕು.

ಬಾಳಿಕೆಯೆಂದರೆ ಕೆಡದಿರುವುದಷ್ಟೇ ಅಲ್ಲ. ಕೆಟ್ಟರೆ ಸರಿಯಾಗುವುದೂ ಬಾಳಿಕೆಯೇ. ನಿಮ್ಮ ಜಿಲ್ಲಾ ಸ್ಥಳದಲ್ಲಿ ಆ ಕಂಪನಿಯ ಅಧಿಕೃತ ಸೇವಾ ಕೇಂದ್ರ ಉಂಟೆ, ಹೊಸ ಬ್ಯಾಟರಿಗೆ ಎಷ್ಟು, ಪರದೆ ಬದಲಿಸಲು ಎಷ್ಟು, ಎಷ್ಟು ವರ್ಷಗಳವರೆಗೆ ಸುರಕ್ಷತೆಯ ಅಪ್‌ಡೇಟ್ ಕೊಡುತ್ತಾರೆ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಬೇಕು. ಬಿಲ್ಲನ್ನು ಕಡ್ಡಾಯವಾಗಿ ಪಡೆಯಬೇಕು. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಸಂದೇಶ ಕಳಿಸಿದರೆ ಫೋನಿನ ಸಾಚಾತನ ತಿಳಿಯುತ್ತದೆ. ಜಾತ್ರೆಯ ಗದ್ದಲದಲ್ಲಿ ಫೋನು ಕಳೆದರೆ, ದೂರಸಂಪರ್ಕ ಇಲಾಖೆಯು 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಪೊಲೀಸ್ ದೂರಿನ ಪ್ರತಿಯೊಡನೆ ಅರ್ಜಿ ಕೊಟ್ಟು ಅದನ್ನು ಯಾರೂ ಬಳಸದಂತೆ ತಡೆಹಿಡಿಸಬಹುದು. ಅದಕ್ಕಾಗಿ ಐಎಂಇಐ ಸಂಖ್ಯೆಯನ್ನು ಮನೆಯ ಡೈರಿಯಲ್ಲಿ ಬರೆದಿಟ್ಟಿರಬೇಕು.

ಪವರ್ ಬ್ಯಾಂಕಿನ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. 10,000 ಎಂದು ಬರೆದುದರಿಂದ 5,000ದ ಫೋನು ಎರಡು ಸಲ ತುಂಬುವುದೆಂದು ಎಣಿಸಬಾರದು. ಆ ಸಂಖ್ಯೆಯು ಒಳಗಿನ ಕೋಶಗಳದು, 3.7 ವೋಲ್ಟಿನಿಂದ 5 ವೋಲ್ಟಿಗೆ ಏರಿಸುವಾಗ, ಮತ್ತೆ ಕಾವಿನಲ್ಲಿ ನಷ್ಟವಾಗಿ, ಕೈಗೆ ಬರುವುದು ಸುಮಾರು 6,000. ಒಂದು ಸಲ ತುಂಬಿ ಸ್ವಲ್ಪ ಮಿಕ್ಕೀತು. ಭಾರತೀಯ ಮಾನಕ ಬ್ಯೂರೋದ ನೋಂದಣಿ ಮುದ್ರೆಯಿಲ್ಲದ ಪವರ್ ಬ್ಯಾಂಕನ್ನಾಗಲಿ ಚಾರ್ಜರನ್ನಾಗಲಿ ಕೊಳ್ಳಲೇಬಾರದು. ಅದರೊಳಗಿರುವುದೂ ಅದೇ ಲಿಥಿಯಂ. ಬಿಸಿಲಿನಲ್ಲಿ ಅದಕ್ಕೂ ನೆರಳು ಬೇಕು. ರಾತ್ರಿ ತಂಗಿದಲ್ಲಿ ಎರಡನ್ನೂ ತುಂಬಿಸಿಕೊಳ್ಳುವುದು ಕ್ರಮ.

ಆತ್ಮಕೂರು ದಾಟಿ, ವೆಂಕಟಾಪುರದಿಂದ ಮುಂದೆ ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನುಗಳ ಮೇಲಿಂದ ಕೈಲಾಸದ್ವಾರಕ್ಕೆ ಏರುವ ಹಾದಿಯು ನಲ್ಲಮಲದ ದಟ್ಟ ಅಡವಿಯಲ್ಲಿ ಸಾಗುತ್ತದೆ. ದೇಶದ ಅತಿ ವಿಸ್ತಾರವಾದ ಹುಲಿ ರಕ್ಷಿತಾರಣ್ಯಗಳಲ್ಲಿ ಒಂದಾದ ನಾಗಾರ್ಜುನಸಾಗರ ಶ್ರೀಶೈಲ ಅರಣ್ಯವಿದು. ಇಲ್ಲಿ ಬಹುದೂರ ಸಿಗ್ನಲ್ ಸಿಗುವುದಿಲ್ಲ. ಎಷ್ಟು ಬೆಲೆಯ ಸಾಮಾನ್ಯ ಫೋನಾದರೂ ಸಿಗ್ನಲ್ ಇಲ್ಲದೆಡೆ ಮಾತು ಆಡಿಸಲಾರದು. ಅಷ್ಟೇ ಅಲ್ಲ, ಸಿಗ್ನಲ್ಲಿಗಾಗಿ ಮೇಲಿಂದ ಮೇಲೆ ಹುಡುಕುತ್ತ ಬ್ಯಾಟರಿಯನ್ನು ಬೇಗ ಬರಿದು ಮಾಡಿಕೊಳ್ಳುತ್ತದೆ. ಅಡವಿಯನ್ನು ಹೊಕ್ಕ ಕೂಡಲೇ ಏರ್‌ಪ್ಲೇನ್ ಮೋಡಿಗೆ ಹಾಕಿದರೆ ಈ ವ್ಯಯ ತಪ್ಪುತ್ತದೆ. ಜಿಪಿಎಸ್ ಉಪಗ್ರಹದಿಂದ ನೇರವಾಗಿ ಬರುವುದರಿಂದ ಸಿಗ್ನಲ್ ಇಲ್ಲದೆಯೂ ಸ್ಥಳವನ್ನು ತೋರಿಸಬಲ್ಲದು. ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಅಡವಿಯಲ್ಲಿ ನಿಜವಾದ ರಕ್ಷಣೆಯೆಂದರೆ ತಂಡವನ್ನು ಅಗಲದಿರುವುದು, ಅರಣ್ಯ ಇಲಾಖೆಯವರು ತೆರೆದ ಹಾದಿಯನ್ನು ಬಿಡದಿರುವುದು.

ಹಾದಿ ಹಿಡಿಯದ ಬಂಧುಗಳಿಗೂ ಒಂದೆರಡು ಮಾತು. ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ, ನಿಲ್ಲಿಸಿದ ಕಾರಿನ ಗಾಜಿನ ಹಿಂದೆ, ಕಣದ ರಾಶಿಯ ಮೇಲೆ ಫೋನನ್ನು ಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಮುಚ್ಚಿದ ಕಾರಿನೊಳಗೆ ಕಾವು ಹೊರಗಿನದನ್ನು ಮೀರಿ ಬಹಳ ಮೇಲೇರುತ್ತದೆ. ಬೈಕಿನ ಹ್ಯಾಂಡಲಿಗೆ ಫೋನನ್ನು ಬಿಗಿಯುವವರು, ಎಂಜಿನ್ನಿನ ಅದುರಾಟದಿಂದ ಕ್ಯಾಮೆರಾ ಕೆಡಬಹುದೆಂದು ಆಪಲ್ ಕಂಪನಿಯು 2021ರಲ್ಲಿ ಎಚ್ಚರಿಸಿದ್ದನ್ನು ತಿಳಿದಿರಲಿ. ಬೇಸಿಗೆಯಲ್ಲಿ ಬ್ಯಾಟರಿಯನ್ನು ಇಡೀ ರಾತ್ರಿ ನೂರಕ್ಕೆ ನೂರು ತುಂಬಿಸಿ ಇಡುವುದಕ್ಕಿಂತ ಎಂಬತ್ತರ ಸುಮಾರಿಗೆ ನಿಲ್ಲಿಸುವುದು ಅದರ ಆಯುಷ್ಯಕ್ಕೆ ಹಿತ. ದೂರದ ನಡಿಗೆಯ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸಿಕೊಳ್ಳಿ. ಯಾವಾಗಲಾದರೂ ಫೋನಿನ ಬೆನ್ನು ಉಬ್ಬಿದ್ದು ಕಂಡರೆ ಚಾರ್ಜು ಹಾಕದೆ, ಒತ್ತದೆ, ಚುಚ್ಚದೆ ಸೇವಾ ಕೇಂದ್ರಕ್ಕೆ ಒಯ್ಯಬೇಕು.

ಇಷ್ಟನ್ನು ಹೇಳಿದ ಮೇಲೆ ಆ ಗೃಹಸ್ಥರಿಗೆ ನಾವು ಕೊಟ್ಟ ಸಲಹೆ ಅವರಿಗೆ ತುಸು ಆಶ್ಚರ್ಯವನ್ನುಂಟುಮಾಡಿತು. ದೊಡ್ಡ ಬ್ಯಾಟರಿಯ, ಧೂಳು ನೀರುಗಳ ಅಂಕಿಯುಳ್ಳ, ಬಿಸಿಲಲ್ಲಿ ಓದಬರುವ ಒಂದು ಮಧ್ಯಮ ಬೆಲೆಯ ಸ್ಮಾರ್ಟ್‌ಫೋನು ತಂಡದ ಮುಂದಾಳಿನ ಕೈಯಲ್ಲಿರಲಿ. ಮತ್ತೊಂದು ತಂಡದ ಕೊನೆಯಲ್ಲಿ ನಡೆಯುವವನ ಕೈಯಲ್ಲಿರಲಿ. ತಾಯಿಗೆ ಮಾತ್ರ ಗುಂಡಿಗಳುಳ್ಳ ಕೀಪ್ಯಾಡ್ ಫೋನು ಕೊಡಿಸಿರಿ. ಅದಕ್ಕೆ ಕಾಯುವ ಕೆಲಸ ಕಡಿಮೆ, ಒಮ್ಮೆ ತುಂಬಿಸಿದರೆ ದಿನಗಟ್ಟಲೆ ಬರುತ್ತದೆ, ಬೆವರಿದ ಬೆರಳಿಗೂ ಗುಂಡಿ ಒತ್ತಲು ಬರುತ್ತದೆ, ಬೆಲೆಯೂ ಅಲ್ಪ. ಕೊಳ್ಳುವಾಗ ಅದು 4ಜಿ ಇರಲಿ. ಏಕೆಂದರೆ ಜಿಯೋ ಸಿಮ್ಮು ಹಳೆಯ 2ಜಿ ಫೋನಿನಲ್ಲಿ ನಡೆಯುವುದಿಲ್ಲ. ಮೇಲಾಗಿ ಒಂದು ರಟ್ಟಿನ ತುಂಡಿನ ಮೇಲೆ ಆಕೆಯ ಹೆಸರು, ಊರು, ಮಗನ ಸಂಖ್ಯೆ, ತಂಡದವರ ಎರಡು ಸಂಖ್ಯೆ, ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ತುರ್ತಿನ 112 ಇವಿಷ್ಟನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆಕೆಯ ಸಂಚಿಯಲ್ಲಿಡಿರಿ. ಕಾಗದಕ್ಕೆ ಚಾರ್ಜು ಬೇಡ. ಬೇವಿನ ಮರದ ಕೆಳಗೆ ಮಲಗಿದ್ದ ಆ ವೃದ್ಧೆಯ ಬಳಿ ಇಂತಹ ಒಂದು ಚೀಟಿ ಇದ್ದಿದ್ದರೆ ಅವಳನ್ನು ಕಂಡವರು ತಮ್ಮ ಫೋನಿನಿಂದಲೇ ಅವಳ ಊರಿನವರಿಗೆ ಕರೆ ಮಾಡುತ್ತಿದ್ದರು; ನಾವು ಎರಡು ತಾಸು ದಿಕ್ಕುಗೆಟ್ಟು ಓಡಾಡಬೇಕಾಗಿರಲಿಲ್ಲ.

ಮಗನು ಹಾಗೆಯೇ ಮಾಡಿದರು. ಹೊರಡುವ ಮುನ್ನಾದಿನ ತಾಯಿಯನ್ನು ಕರೆತಂದಾಗ ನಾವು ಕೇಳಿದೆವು: "ಯವ್ವಾ, ಫೋನು ಹೆಂಗದ?"

ಆಕೆ ಸೆರಗು ಸರಿಪಡಿಸಿಕೊಂಡು ಹೇಳಿದಳು: "ಛಲೋ ಅದರೀ ಅಜ್ಜಾರ. ಆದ್ರ ಇವ ನಂಗ ಕೊಡಿಸ್ಯಾನ, ಹೆಂಗ ಹಚ್ಚೂದು ಅಂತ ಇನ್ನೂ ತೋರಿಸಿಲ್ಲ."

ಮಗನು ತಲೆ ತಗ್ಗಿಸಿದರು. ಅಂದು ಸಂಜೆ ಕಟ್ಟೆಯ ಮೇಲೆ ಕುಳಿತು ತಾಯಿಗೆ ಮೊದಲ ಗುಂಡಿಯನ್ನು ಒತ್ತಿ ಹಿಡಿದರೆ ಮಗನಿಗೆ ಕರೆ ಹೋಗುವಂತೆ ಮಾಡಿ, ಹತ್ತು ಸಲ ಆಕೆಯ ಕೈಯಿಂದಲೇ ಒತ್ತಿಸಿದರು. ಹತ್ತನೆಯ ಸಲ ಆಕೆ ಕನ್ನಡಕವಿಲ್ಲದೆ, ನೋಡದೆಯೇ ಒತ್ತಿದಳು.

ಬಂಧುಗಳೇ, ಈ ಬೇಸಿಗೆಯಲ್ಲಿ ನಿಮ್ಮ ಮನೆಯ ಹಿರಿಯರು ಹಾದಿ ಹಿಡಿಯುವುದಾದರೆ ಫೋನನ್ನು ಅವಶ್ಯವಾಗಿ ನೋಡಿ ಕೊಡಿಸಿರಿ. ಕೊಡಿಸಿದ ಮೇಲೆ ಅರ್ಧ ತಾಸು ಅವರ ಪಕ್ಕದಲ್ಲಿ ಕುಳಿತು ಅದನ್ನು ಬಳಸಲು ಕಲಿಸಿರಿ.

ಎಲ್ಲರಿಗೂ ಶರಣು.